ಬಾಗಿಲಿಗೆ ಮುಳ್ಳಿಟ್ಟ ಊರು

ಕಲ್ಲುಕೊಪ್ಪಲು, ಮಳವಳ್ಳಿ ತಾಲ್ಲೂಕು
೧೨ನೇ ಮಾರ್ಚ್ ೧೯೩೯

ನೆರೆದ ಮಹಾಜನಗಳೇ! ಕೂತವರು ಕೂತಲ್ಲೇ ಕೂರಿ! ನಿಂತವರು ಹಿಂದಿನವರಿಗೆ ಅಡ್ಡವಾಗದಂತೆ ನಿಲ್ಲಿ! ಅಳುವ ಕೂಸುಗಳ ಬಾಯಿಗೆ ಬೆಲ್ಲದ ಚೂರು ಇಡಿ, ಕೆಮ್ಮು ಇರುವವರು ಈಗಲೇ ಕೆಮ್ಮಿ ಮುಗಿಸಿ! ಕರಿಸಿದ್ದಯ್ಯನೆಂಬ ನಾನು, ಈ ಊರಿನ ನಾಟಕದ ಮೇಷ್ಟ್ರು, ‘ಉಗ್ರಬಾಹು ಗರ್ವಭಂಗ’ದಲ್ಲಿ ಹದಿನಾಲ್ಕು ವರ್ಷದಿಂದ ಉಗ್ರಬಾಹುವಿನ ಕಿರೀಟ ಹೊತ್ತವನು, ಇದೀಗ ಒಬ್ಬ ದ್ರೋಹಿಗೆ ಕಾಗದ ಬರೆಯುತ್ತಿದ್ದೇನೆ. ಕಿವಿಗೊಟ್ಟು ಕೇಳಿ!

ಅಂಕಯ್ಯ, ಆ ದ್ರೋಹಿ ನೀನೇ. ಅರಳಿಕಟ್ಟೆಯ ಮೇಲೆ ಕೂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಹೇಳಿಕೊಂಡು ಬರೆಯುತ್ತಿದ್ದೇನೆ. ಊರೆಲ್ಲ ಸುತ್ತ ನೆರೆದಿದೆ. ನೀನು ಮೈಸೂರಿನ ಸ್ಟುಡಿಯೋದಲ್ಲಿ ಅಡಗಿ ಕೂತು ಇದನ್ನು ಓದುವಾಗ, ಒಂದು ಬಾಯಿ ಬೈಯುತ್ತಿದೆ ಎಂದುಕೊಳ್ಳಬೇಡ. ನೂರಾ ಎಂಬತ್ತು ಬಾಯಿ!

ನಮ್ಮ ಮಂಡಳಿಗೆ ಪರದೆ ಬರೆಯುತ್ತಿದ್ದವನು ನೀನು. ಅರಮನೆ ಬರೆದೆ, ಕಾಡು ಬರೆದೆ, ನೀರು ಕುಡಿಯಲು ಹಸು ಬಂದು ಮೂತಿ ಇಡುವಂಥ ಹೊಳೆ ಬರೆದೆ. ಅಷ್ಟಕ್ಕೇ ನಿಲ್ಲಬಾರದಿತ್ತೇ? ಮೈಸೂರಿಗೆ ಹೋಗಿ ಫೋಟೋ ಹಿಡಿಯುವ ವಿದ್ಯೆ ಕಲಿತು, ಆ ಮೂರು ಕಾಲಿನ ಪೆಟ್ಟಿಗೆ ಹೊತ್ತು ಬಂದೆ. ಮಂಡಳಿಯವರಿಗೆಲ್ಲ ವೇಷ ಕಟ್ಟಿಸಿ ಸಾಲಾಗಿ ನಿಲ್ಲಿಸಿದೆ. ನಡುವೆ ನಾನು. ನನ್ನ ಪಕ್ಕದಲ್ಲಿ ರಾಣಿ ಮಂಜುಳಾಂಗಿಯ ಸೀರೆಯುಟ್ಟು ನನ್ನ ತಮ್ಮ ಹೊನ್ನಯ್ಯ. “ಯಾರೂ ಅಲುಗಾಡ್ಬ್ಯಾಡಿ” ಅಂದೆ. ಕರಿಬಟ್ಟೆಯೊಳಗೆ ತಲೆ ತೂರಿಸಿದೆ. ಎಂಟನೆಯ ದಿನ ಹೊನ್ನಯ್ಯ ಜ್ವರದಲ್ಲಿ ಕಣ್ಣು ಮುಚ್ಚಿದ. ಹತ್ತೊಂಬತ್ತು ವರ್ಷ!

ಫೋಟೋ ಹಿಡಿದರೆ ಆಯಸ್ಸು ಕರಗುತ್ತದೆ ಎಂದು ಹಿರಿಯರು ಹೇಳುತ್ತಿದ್ದುದನ್ನು ನೀನೂ ಕೇಳಿದ್ದೆ, ನಾನೂ ಕೇಳಿದ್ದೆ. ಇಬ್ಬರೂ ಸೇರಿ ನಕ್ಕಿದ್ದೆವು. ಈಗ ನಗು ನೋಡೋಣ!

ಹಾಡಹಗಲಿನಲ್ಲಿ, ಇದೇ ಕಟ್ಟೆಯ ಎದುರು, ಉಗ್ರಬಾಹುವಿನ ಗದೆಯಿಂದ ನಿನ್ನ ಕ್ಯಾಮೆರಾವನ್ನು ಹೊಡೆದೆ. ಹೊಡೆದದ್ದು ಸರಿ. ಮೂರನೆಯ ಏಟಿಗೆ ಗಾಜು ಪುಡಿಯಾಯಿತು. ನೀನು ತಡೆಯಲಿಲ್ಲ, ಬೈಯಲಿಲ್ಲ. ಚೂರುಗಳನ್ನು ಆಯ್ದು ಪಂಚೆಯ ತುದಿಗೆ ಕಟ್ಟಿಕೊಂಡು, ಬೆನ್ನು ತಿರುಗಿಸಿ ಮಳವಳ್ಳಿಯ ದಾರಿ ಹಿಡಿದೆ. ಮಾತಿಲ್ಲದ ಆ ನಿರ್ಗಮನಕ್ಕೆ ಸಭೆ ಕಣ್ಣೀರು ಹಾಕುತ್ತದೆಂದು ತಿಳಿದಿದ್ದೆಯೋ?

ಇಲ್ಲಿ ಪುಟ್ಟಮಾದಮ್ಮ ಅಡ್ಡಬಾಯಿ ಹಾಕುತ್ತಿದ್ದಾಳೆ. ಮುದುಕಿಗೆ ಕಿವಿ ಮಂದ, ನಾಲಗೆ ಮಂದವಿಲ್ಲ. “ಆ ಪೆಟ್ಗೆ ನಿಂಗೇನ್ ಮಾಡಿತ್ಲಾ ಸಿದ್ದಾ? ಜರ ಪೆಟ್ಗೇಲಿತ್ತಾ?” ಎಂದು ಕೇಳುತ್ತಾಳೆ. ಸುಮ್ಮನಿರಮ್ಮ, ಇದು ನಿನ್ನ ದೃಶ್ಯವಲ್ಲ!

ಮೈಸೂರಿನಿಂದ ನೀನು ಅಚ್ಚು ಹಾಕಿಸಿ ಕಳಿಸಿದ್ದ ಆ ಫೋಟೋ ಮೊನ್ನೆ ಬಂತು. ಒಲೆಗೆ ಹಾಕಿದೆ. ಬೂದಿಯನ್ನು ಶಿಂಷೆಗೆ ಬಿಟ್ಟೆ. ಇನ್ನೊಂದು ಸಲ ಈ ಊರಿನ ಮನುಷ್ಯರ ಮುಖಕ್ಕೆ ನಿನ್ನ ಪೆಟ್ಟಿಗೆಯ ಕಣ್ಣು ತಿರುಗಿದರೆ, ಗದೆ ನನ್ನ ಮನೆಯ ಗೋಡೆಯಲ್ಲೇ ತೂಗುತ್ತಿದೆ ಎಂಬುದು ನೆನಪಿರಲಿ.

ಸಭೆ ಚಪ್ಪಾಳೆ ತಟ್ಟುತ್ತಿದೆ. ಪರದೆ ಬೀಳಲಿ.

ಇತಿ,
ಕರಿಸಿದ್ದಯ್ಯ


ಗಿರಗಾಂವ್, ಬೊಂಬಾಯಿ
೯ನೇ ಫೆಬ್ರವರಿ ೧೯೪೭

ಕರಿಸಿದ್ದಣ್ಣನಿಗೆ,

ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹರಿದು ಹಾಕುವ ಮೊದಲು ಕೊನೆಯತನಕ ಓದು. ಅಥವಾ ಓದಲು ಅಲ್ಲಿ ಯಾರಾದರೂ ಇದ್ದರೆ ಸಾಕು. ಯಾರ ಕೈಗೆ ಸಿಕ್ಕರೂ ಅವರು ಉತ್ತರ ಬರೆಯಬೇಕು.

ನಾನು ಬೊಂಬಾಯಿಗೆ ಬಂದು ಆರು ವರ್ಷವಾಯಿತು. ಒಂದು ಸ್ಟುಡಿಯೋದಲ್ಲಿ ಕೆಲಸ. ಹೋದ ತಿಂಗಳು ಇಲ್ಲಿನ ಒಂದು ಹಾಲಿನಲ್ಲಿ ನನ್ನ ಫೋಟೋಗಳ ಪ್ರದರ್ಶನ ಇಟ್ಟರು. ‘ನನ್ನ ನಾಡು’ ಎಂದು ಹೆಸರು. ಎಲ್ಲವೂ ನಮ್ಮ ಸೀಮೆಯವೇ: ಮದ್ದೂರಿನ ಬಳಿ ಶಿಂಷೆಯ ಮರಳು, ಮಂಡ್ಯದ ಕಬ್ಬಿನ ಗದ್ದೆಗಳ ನಡುವಿನ ನಾಲೆ, ಮಳವಳ್ಳಿಯ ಸಂತೆಮಾಳ ಸಂತೆ ಇಲ್ಲದ ದಿನ, ಬಂಡೆ, ಕೆರೆ, ಹುಣಿಸೆಮರ. ನಲವತ್ತೊಂದು ಚಿತ್ರ. ಯಾವುದರಲ್ಲೂ ಮನುಷ್ಯರಿಲ್ಲ. ನೋಡಲು ಬಂದ ದೊಡ್ಡವರು “ಎಂಥ ಮೌನ!” ಎಂದರು. ಏಕೆ ಹೀಗೆ ಎಂದು ಪತ್ರಿಕೆಯವರೊಬ್ಬರು ಕೇಳಿದಾಗ, ನೆರಳು ಬೆಳಕಿನ ಬಗ್ಗೆ ಏನೋ ಹೇಳಿ ತಪ್ಪಿಸಿಕೊಂಡೆ.

ಕೊನೆಯ ಆರು ಚಿತ್ರ ಕಲ್ಲುಕೊಪ್ಪಲಿನವು.

ಈಗ ನಡೆದದ್ದನ್ನು ಹೇಳುತ್ತೇನೆ. ಜನವರಿ ಮೂವತ್ತರಂದು ಹಡಗುಕಟ್ಟೆಯಲ್ಲಿ ಮೂಟೆ ಹೊರುವ ಒಬ್ಬ ಮನುಷ್ಯ ಹಾಲಿನೊಳಗೆ ಬಂದ. ಮೈಸೂರು ಸೀಮೆಯ ಪಟಗಳಿವೆ ಎಂದು ಯಾರೋ ಹೇಳಿದ್ದರಂತೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಂದೊಂದನ್ನೂ ನೋಡುತ್ತ ಬಂದವನು, ಕಲ್ಲುಕೊಪ್ಪಲಿನ ಬೀದಿಯ ಚಿತ್ರದ ಮುಂದೆ ನಿಂತ. ನಿಂತವನು ಕುಸಿದು ಕೂತ. ಆಮೇಲೆ ಅವನು ಕೂಗಿದ ಕೂಗಿಗೆ ಹಾಲೆಲ್ಲ ತಿರುಗಿತು.

“ಊರಿಗೆ ಪಿಳೇಗು ಬಂದ್ಬುಟ್ಟದೆ ಕಣಪ್ಪೋ! ನನ್ ಬಾಗ್ಲು ಕಣಪ್ಪೋ ಅದು! ಬಾಗ್ಲಿಗೆ ಮುಳ್ಳಿಟ್ಟವ್ರೆ ಕಣಪ್ಪೋ!”

ಅವನು ನಮ್ಮ ಚಿಕ್ಕಬೋರಯ್ಯ. ಮಾಯಮ್ಮನ ಗಂಡ. ನಾಲ್ಕು ವರ್ಷದ ಹಿಂದೆ ಬೊಂಬಾಯಿಗೆ ಬಂದನಂತೆ, ನನಗೆ ಗೊತ್ತೇ ಇರಲಿಲ್ಲ. ಹೆಂಡತಿ, ಎರಡು ಹೆಣ್ಣುಮಕ್ಕಳು ಊರಲ್ಲೇ. ಓದುಬರಹ ಇಬ್ಬರಿಗೂ ಇಲ್ಲ. ವರ್ಷಕ್ಕೊಂದು ಸಲ ದೀಪಾವಳಿಗೆ ಯಾರ ಕೈಲೋ ಬರೆಸಿದ ಕಾಗದ ಬರುತ್ತಿತ್ತು. ಈ ಸಲ ಬಂದಿಲ್ಲ.

ಅಣ್ಣ, ನಾವು ಚಿಕ್ಕವರಿದ್ದಾಗ ಪ್ಲೇಗು ಬಂದು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದು ನಿನಗೂ ನೆನಪಿದೆ. ಮನೆಮನೆಯ ಬಾಗಿಲಿಗೂ ಜಾಲಿಯ ಮುಳ್ಳು ಅಡ್ಡ ಇಟ್ಟು ಹೋಗಿದ್ದೆವು. ನನ್ನ ಚಿತ್ರದಲ್ಲಿರುವುದೂ ಅದೇ. ಎರಡು ಸಾಲು ಮನೆ, ಎಲ್ಲ ಬಾಗಿಲಿಗೂ ಮುಳ್ಳು, ಬೀದಿಯಲ್ಲಿ ಒಂದು ಕೋಳಿಯೂ ಇಲ್ಲ.

ನಾನು ಊರ ಕಡೆ ಬಂದು ಚಿತ್ರ ತೆಗೆದದ್ದು ಹೋದ ನವೆಂಬರ್ ಇಪ್ಪತ್ತಮೂರರಂದು. ಊರು ಖಾಲಿ ಇತ್ತು. ಏಕೆ ಖಾಲಿ ಎಂದು ಯೋಚಿಸಲೇ ಇಲ್ಲ. ಯಾರೂ ಎದುರಾಗದಿದ್ದುದೇ ಒಳ್ಳೆಯದಾಯಿತು ಅಂದುಕೊಂಡು ಬೇಗ ಬೇಗ ಮುಗಿಸಿ ಹೊರಟುಬಿಟ್ಟೆ. “ಅಣ್ಣ, ನೀನೇ ತೆಗ್ದಿದ್ದಲ್ವಾ? ಅವ್ರು ಬದುಕವ್ರೆ ಅಂತ ಒಂದ್ ಮಾತು ಹೇಳ್ಬುಡು” ಎಂದು ಚಿಕ್ಕಬೋರಯ್ಯ ನನ್ನ ಕಾಲು ಹಿಡಿದ. ನನಗೆ ಗೊತ್ತಿರಲಿಲ್ಲ.

ರೈಲು ಹತ್ತಿಸುತ್ತೇನೆ, ಹೋಗಿ ನೋಡಿಕೊಂಡು ಬಾ ಎಂದೆ. “ಊರ್ಗೋದ್ರೆ ಗೊತ್ತಾಗ್ಬುಡ್ತದೆ ಕಣಣ್ಣ. ಇಲ್ಲಿದ್ರೆ ಇನ್ನೂ ಬದುಕವ್ರೆ” ಎನ್ನುತ್ತಾನೆ. ಹತ್ತು ದಿನದಿಂದ ಕೆಲಸ ಬಿಟ್ಟು, ಆ ಚಿತ್ರದ ಕೆಳಗೆ ಗೋಡೆಗೊರಗಿ ಕೂರುತ್ತಿದ್ದಾನೆ. ತಂತಿ ಕೊಡೋಣವೆಂದರೆ, ತಂತಿ ಎಂದರೇ ಸಾವು ಎಂದು ಊರು ಎದೆಯೊಡೆದುಕೊಳ್ಳುತ್ತದೆ. ಅದಕ್ಕೇ ಈ ಕಾಗದ. ಆ ಬೀದಿಯ ಚಿತ್ರದ ಚಿಕ್ಕ ಪ್ರತಿ ಇದರೊಳಗಿದೆ.

ಯಾರು ಯಾರು ಇದ್ದೀರಿ? ಅಷ್ಟು ಬರೆದರೆ ಸಾಕು. ನನ್ನನ್ನು ಕ್ಷಮಿಸಬೇಕಾಗಿಲ್ಲ.

ಇಂತಿ,
ಅಂಕಯ್ಯ


ಕಲ್ಲುಕೊಪ್ಪಲು
೧೬ನೇ ಫೆಬ್ರವರಿ ೧೯೪೭

ಎಲ್ಲರೂ! ಎಲ್ಲರೂ ಇದ್ದೇವೆ ಕಣೋ ಅಂಕಯ್ಯ! ಈ ಸಾಲನ್ನು ಓದಿದ ಕ್ಷಣ ಕಾಗದ ಮಡಚಿ ಆ ಚಿಕ್ಕಬೋರಯ್ಯನ ಬಳಿಗೆ ಓಡು. ಮಿಕ್ಕದ್ದನ್ನು ಆಮೇಲೆ ಓದುವೆಯಂತೆ.

ಓಡಿ ಬಂದೆಯಾ? ಸರಿ. ಮಹಾಜನಗಳೇ, ಈಗ ಬರಲಿ ಒಬ್ಬೊಬ್ಬರಾಗಿ!

ಟಪಾಲಿನವನು ಕಾಗದ ತಂದಾಗ ನಾನು ಕಟ್ಟೆಯ ಮೇಲೆಯೇ ಇದ್ದೆ. ಹಳೆಯ ಅಭ್ಯಾಸದಂತೆ ಗಟ್ಟಿಯಾಗಿ ಓದಲು ಶುರುಮಾಡಿದೆ. ‘ಊರಿಗೆ ಪಿಳೇಗು’ ಎಂಬಲ್ಲಿಗೆ ಬಂದಾಗ ಜನ ಗಡ್ಡೆ ಎದ್ದಿದೆಯೇನೋ ಎಂದು ತಮ್ಮ ತಮ್ಮ ಕಂಕುಳು ಮುಟ್ಟಿ ನೋಡಿಕೊಂಡರು. ಗಾಡಿ ಹೊಡೆಯುವ ಮರಿಯಯ್ಯನಂತೂ “ನಮ್ಮೂರ್ಗೆ ಪಿಳೇಗು ಬಂದಿರದು ಬೊಂಬಾಯೋರ್ಗೆ ಗೊತ್ತು, ನಮ್ಗೇ ಗೊತ್ತಿಲ್ವಲ್ಲಲಾ!” ಎಂದು ಬಾಯಿ ಬಿಟ್ಟ.

ಚಿಕ್ಕಬೋರಯ್ಯನ ಸಂಸಾರ: ಮಾಯಮ್ಮ ಕಲ್ಲುಗುಂಡಿನಂತಿದ್ದಾಳೆ. ದೊಡ್ಡ ಮಗಳು ಅವಳ ಎತ್ತರ ಬಂದಿದ್ದಾಳೆ, ಚಿಕ್ಕವಳು ನಮ್ಮ ನಾಟಕದಲ್ಲಿ ಜಿಂಕೆಮರಿಯ ಪಾತ್ರ ಮಾಡಿ ರಂಗದ ಮೇಲೆಯೇ ಕಡಲೆಕಾಯಿ ತಿಂದು ನನ್ನ ಮಾನ ಕಳೆದಿದ್ದಾಳೆ. ಮಾಯಮ್ಮ ಎದುರೇ ನಿಂತಿದ್ದಾಳೆ. ಅವಳು ಹೇಳುವುದನ್ನು ಹಾಗೆಯೇ ಬರೆಯುತ್ತೇನೆ:

“ಏನಂತೆ ಆ ಮನ್ಸನ್ಗೆ? ನಾನು ಸತ್ತೋಗಿವ್ನಿ ಅಂತ ಪಟದ ಕೆಳ್ಗೆ ಕುಂತು ಅಳ್ತಾ ಅವ್ನಂತಾ? ಬದುಕಿದ್ದಾಗ ಒಂದ್ಸಲನಾದ್ರೂ ಅತ್ತಿದ್ನಾ? ಕಾಗ್ದ ಬರ್ಸಕೆ ಈ ಸಲ ಮೇಷ್ಟ್ರಿಗೆ ಪುರ್ಸೊತ್ತಿರ್ನಿಲ್ಲ ಅನ್ನು. ಅಷ್ಟೇ ಕಣಣ್ಣ. ಊಟ ಮಾಡು ಅನ್ನು. ಬುಡು, ಅದೂ ಬ್ಯಾಡ. ಬತ್ತೀನಿ ಅಂದ್ರೆ ಬಾ ಅನ್ನು.”

ಹೇಳುವಾಗ ಸೆರಗು ಕಣ್ಣಿಗೆ ಹೋಯಿತು. ಅದನ್ನು ಬರೆಯಬೇಡ ಎಂದಳು, ಬರೆದಿದ್ದೇನೆ.

ಎಂಟು ವರ್ಷದಲ್ಲಿ ದೊಡ್ಡಬೀರಯ್ಯ ಹೋದ, ಎಂಬತ್ತು ದಾಟಿತ್ತು. ಚಿಕ್ಕನಂಜಮ್ಮ ಹೋದಳು, ಅವಳಿಗೂ ವಯಸ್ಸಾಗಿತ್ತು. ಹುಟ್ಟಿದವರು ಮೂವತ್ತೊಂದು. ಸತ್ತ ಇಲಿ ಈ ಊರಿನಲ್ಲಿ ಒಂದಿದ್ದರೆ ಅದು ಮರಿಯಯ್ಯನ ಬೆಕ್ಕು ಹಿಡಿದದ್ದು.

ಇನ್ನು ಆ ಮುಳ್ಳಿನ ಕಥೆ. ನವೆಂಬರ್ ಇಪ್ಪತ್ತಮೂರು ಎಂದು ಬರೆದಿದ್ದೀಯ. ಎಲೈ ಅಂಕಯ್ಯ! ಅಂದು ಮಂಡ್ಯದಲ್ಲಿ ನಮ್ಮ ನಾಟಕ! ಸಕ್ಕರೆ ಊರಿನವರು ಕರೆದಿದ್ದರು. ಕಲ್ಲುಕೊಪ್ಪಲಿಗೆ ಕಲ್ಲುಕೊಪ್ಪಲೇ ಹದಿನಾರು ಗಾಡಿ ಕಟ್ಟಿಕೊಂಡು, ಕೋಳಿ ಕುರಿಗಳನ್ನು ಪಕ್ಕದೂರಿನ ನೆಂಟರ ಮನೆಗೆ ಬಿಟ್ಟು, ನಾಯಿ ನುಗ್ಗದಿರಲೆಂದು ಬಾಗಿಲಿಗೆ ಮುಳ್ಳಿಟ್ಟು ಹೊರಟಿತ್ತು. ಮೂರು ದಿನ ಊರಲ್ಲಿ ಯಾರೂ ಇರಲಿಲ್ಲ. ನನ್ನ ಕಂಠಕ್ಕೆ ಮಂಡ್ಯದ ಜನ ಹೇಗೆ ತಲೆದೂಗಿದರು ಎಂಬುದನ್ನು ಬೇರೆ ಕಾಗದದಲ್ಲಿ ಬರೆಯುತ್ತೇನೆ.

ಯಾರೂ ಇರಲಿಲ್ಲ ಎಂದೆ. ಅದು ಸುಳ್ಳು! ಒಬ್ಬಳು ಇದ್ದಳು. ನೀನು ಕಳಿಸಿದ ಚಿತ್ರವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಅದು ಪುಟ್ಟಮಾದಮ್ಮನ ಕೈಗೆ ಹೋಯಿತು. ಮುದುಕಿ ಕಣ್ಣಿಗೆ ಹತ್ತಿರ ಹಿಡಿದು ಚೀರಿದಳು: “ಲೇ, ಇದು ನಾನ್ ಕಣ್ಲಾ!”

ಎಡಗಡೆಯ ಮೂರನೆಯ ಮನೆಯ ಜಗಲಿ ನೋಡು ಅಂಕಯ್ಯ. ಕಂಬದ ಬುಡದಲ್ಲಿ ಒಂದು ಮೂಟೆ ಇದೆಯಲ್ಲ? ಅದು ಮೂಟೆಯಲ್ಲ. ಕಂಬಳಿ ಹೊದ್ದ ಪುಟ್ಟಮಾದಮ್ಮ! ಕಂಬಳಿಯ ಮೂಲೆಯಲ್ಲಿ ಕೆಂಡ ಬಿದ್ದು ಸುಟ್ಟ ತೂತು ಕೂಡ ಕಾಣುತ್ತದೆ. ಗಾಡಿಯಲ್ಲಿ ಸೊಂಟ ಕುಲುಕುತ್ತದೆಂದು ಅವಳು ನಾಟಕಕ್ಕೆ ಬಂದಿರಲಿಲ್ಲ. ನಾವು ವಾಪಸು ಬಂದ ದಿನವೇ ಹೇಳಿದ್ದಳು: “ತಲೆ ಮ್ಯಾಲೆ ಕರೀ ಬಟ್ಟೆ ಹಾಕ್ಕಂಡು ಯಾವುದೋ ದೆವ್ವ ಬಂದು, ಬಾಗ್ಲು ಬಾಗ್ಲಿಗೂ ಬಗ್ಗಿ ಬಗ್ಗಿ ನಿಂತ್ಕಂತಿತ್ತು. ನಾನು ಮುಸುಕು ಹಾಕ್ಕಂಡು ಉಸ್ರು ಹಿಡ್ಕಂಡು ಬಿದ್ಕಂಡಿದ್ದೆ.” ನಾವೆಲ್ಲ ನಕ್ಕಿದ್ದೆವು. ಇವತ್ತು ಅವಳು ನಮ್ಮನ್ನು ಬಿಟ್ಟಾಳೆಯೇ? ಬೆಳಗಿನಿಂದ ಮನೆಮನೆಗೆ ಹೋಗಿ “ನನ್ ಮಾತ್ಗೆ ನಗ್ತಿದ್ರಲ್ಲಾ, ಈಗ ನಗ್ರಲಾ” ಎಂದು ಬೈದು ಬರುತ್ತಿದ್ದಾಳೆ.

ಮಧ್ಯಾಹ್ನವಾಯಿತು. ಜನ ಊಟಕ್ಕೆ ಎದ್ದು ಹೋದರು. ಈಗ ಕಟ್ಟೆಯ ಮೇಲೆ ನಾನೊಬ್ಬನೇ. ಮುಂದಿನದನ್ನು ಬಾಯಿಬಿಟ್ಟು ಓದದೆ ಬರೆಯುತ್ತಿದ್ದೇನೆ.

ನೀನು ಊರಿಗೆ ಬಂದಿದ್ದೆ. ನನ್ನ ಬೀದಿಯಲ್ಲಿ ನಡೆದೆ. ಆರು ಚಿತ್ರ ಎಂದಿದ್ದೀಯ. ಅದರಲ್ಲಿ ನನ್ನ ಬಾಗಿಲೂ ಇದೆಯೇ?

ಕರಿಸಿದ್ದಯ್ಯ


ಗಿರಗಾಂವ್, ಬೊಂಬಾಯಿ
೨೩ನೇ ಫೆಬ್ರವರಿ ೧೯೪೭

ಅಣ್ಣನಿಗೆ,

ಕಾಗದ ಬಂದಾಗ ಹಾಲಿನಲ್ಲೇ ಇದ್ದೆ. ಮೊದಲ ಸಾಲು ಓದಿದೆ. ಎರಡನೆಯದಕ್ಕೆ ಬರುವ ಮೊದಲೇ ಚಿಕ್ಕಬೋರಯ್ಯ ನನ್ನ ಮುಖ ನೋಡಿ ಎದ್ದುಬಿಟ್ಟಿದ್ದ. ಮಾಯಮ್ಮನ ಮಾತುಗಳನ್ನು ಅವಳದೇ ದನಿಯಲ್ಲಿ ಓದಿದೆ. ಅವನು ಮೂರು ಸಲ ಓದಿಸಿದ. “ಬೈದ್ಳಾ? ಬೈದ್ಳು ಅಂದ್ರೆ ಅವ್ಳೇ ಕಣಣ್ಣ! ಇದು ಬ್ಯಾರೆ ಯಾರೂ ಬರ್ದಿರದಲ್ಲ!” ಎಂದು ನೆಲಕ್ಕೆ ಹಣೆ ಮುಟ್ಟಿಸಿದ. ಆಮೇಲೆ ಅವನ ಕಾಟ ಶುರುವಾಯಿತು. ಬಂದ ಗುಜರಾತಿಗಳು, ಪಾರ್ಸಿಗಳು, ದೊರೆಗಳು, ಯಾರನ್ನೂ ಬಿಡದೆ ಕೈಹಿಡಿದು ಚಿತ್ರದ ಮುಂದೆ ನಿಲ್ಲಿಸಿ, ಅಚ್ಚ ಕನ್ನಡದಲ್ಲಿ, “ಇವ್ರೆಲ್ಲಾ ನಾಟ್ಕಕ್ಕೆ ಓಗವ್ರೆ! ಇದು ಪುಟ್ಟಮಾದಮ್ಮ, ಮಲ್ಗವ್ಳೆ!” ಎಂದು ಹೇಳತೊಡಗಿದ. ‘ಮೌನ’ವನ್ನು ನೋಡಲು ಬಂದವರು ಕಂಗಾಲಾದರು. ಅವನನ್ನು ಸುಮ್ಮನಾಗಿಸುವ ಮನಸ್ಸು ನನಗೆ ಬರಲಿಲ್ಲ. ಬಹಳ ದಿನದ ಮೇಲೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಭೂತಗನ್ನಡಿ ಹಿಡಿದು ನೋಡಿದೆ. ಕಂಬಳಿಯ ತೂತು ನಿಜ. ಮುಸುಕಿನ ಸಂದಿಯಲ್ಲಿ ಒಂದು ಕಣ್ಣೂ ಕಾಣುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ನಿನ್ನ ಬಾಗಿಲಿದೆ. ಅದನ್ನೇ ಕೊನೆಗೆ ತೆಗೆದದ್ದು. ಬಾಗಿಲಿಗೆ ಮುಳ್ಳಿತ್ತು. ನನಗೆಂದೇ ಇಟ್ಟದ್ದು ಅನ್ನಿಸಿತು. ಅದು ನಾಯಿಗೆ ಇಟ್ಟದ್ದು ಎಂದು ತಿಳಿಯಲು ಮೂರು ತಿಂಗಳು ಬೇಕಾಯಿತು.

ಆ ಗದೆಯ ದಿನದಿಂದ ನಾನು ಮನುಷ್ಯರ ಮುಖಕ್ಕೆ ಕ್ಯಾಮೆರಾ ಹಿಡಿದಿಲ್ಲ. ಸ್ಟುಡಿಯೋದಲ್ಲಿಯೂ ಫಿಲಂ ತೊಳೆಯುವುದು, ಅಚ್ಚು ಹಾಕುವುದು ಮಾತ್ರ ನನ್ನ ಕೆಲಸ. ಆಯಸ್ಸು ಕರಗುತ್ತದೆಂದು ನಂಬಿ ಅಲ್ಲ. ನಂಬಿಕೆ ಇಲ್ಲವೆಂದು ಹೇಳಿಕೊಂಡರೂ, ಹಿಡಿಯೋಣವೆಂದುಕೊಂಡಾಗಲೆಲ್ಲ ಹೊನ್ನಯ್ಯ ಎದುರು ಬಂದು ನಿಲ್ಲುತ್ತಿದ್ದ.

ಇನ್ನೊಂದು ಮಾತು. ಕರಿಬಟ್ಟೆಯೊಳಗಿನ ಗಾಜಿನಲ್ಲಿ ಎದುರಿಗಿರುವುದೆಲ್ಲ ತಲೆಕೆಳಗಾಗಿ ಕಾಣುತ್ತದೆ, ಆದರೆ ಸ್ಪಷ್ಟವಾಗಿ ಕಾಣುತ್ತದೆ. ಅಂದು ನಿನ್ನ ಕೈ ಹೊನ್ನಯ್ಯನ ರಟ್ಟೆಯ ಮೇಲಿತ್ತು. ನಾನು ಕಂಡದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಪ್ರದರ್ಶನ ಮುಗಿಯಿತು. ಚಿಕ್ಕಬೋರಯ್ಯ ಊರಿಗೆ ಹೊರಡುತ್ತಾನೆ. ನನ್ನನ್ನೂ ಎಳೆಯುತ್ತಿದ್ದಾನೆ.

ಇಂತಿ,
ಅಂಕಯ್ಯ


ಮದ್ದೂರು, ಸ್ಟೇಷನ್ ಎದುರಿನ ಛತ್ರ
೧೪ನೇ ಮಾರ್ಚ್ ೧೯೪೭

ಅಣ್ಣನಿಗೆ,

ಈ ಚೀಟಿಯನ್ನು ಚಿಕ್ಕಬೋರಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಬೆಳಿಗ್ಗೆ ರೈಲು ಇಳಿದೆವು. ಅವನು ಮಳವಳ್ಳಿಗೆ ಹೋಗುವ, ಇದ್ದಿಲಿನಿಂದ ಓಡುವ ಬಸ್ಸಿನ ಮೆಟ್ಟಿಲ ಮೇಲೆ ನಿಂತು “ಅತ್ತಣ್ಣ, ಅತ್ತಣ್ಣ” ಎಂದು ಕೂಗುತ್ತಿದ್ದಾನೆ. ನಾನು ಹತ್ತಲಿಲ್ಲ.

ಬೊಂಬಾಯಿಯಿಂದ ಇಲ್ಲಿಯತನಕ ಧೈರ್ಯ ಇತ್ತು. ಇನ್ನು ಎಂಟು ಮೈಲಿ ದಾರಿ ಇರುವಾಗ ಛತ್ರದ ಜಗಲಿಯಲ್ಲಿ ಕೂತುಬಿಟ್ಟಿದ್ದೇನೆ. ಕ್ಯಾಮೆರಾ ಜೊತೆಯಲ್ಲಿದೆ. ಅದನ್ನು ಬಿಟ್ಟು ಬರಬಲ್ಲೆ ಎಂದುಕೊಂಡಿದ್ದೆ, ಆಗಲಿಲ್ಲ. ಅದನ್ನು ಕಂಡರೆ ನಿನಗೆ ನೋವಾಗುತ್ತದೆ ಎಂದಾದರೆ ಹಾಗೆಂದು ಬರೆ. ನಾಳೆ ಮಧ್ಯಾಹ್ನದ ರೈಲಿಗೆ ಹಿಂದಿರುಗುತ್ತೇನೆ. ಮುನಿಸಿಲ್ಲ.

ಅಂಕಯ್ಯ


ಕಲ್ಲುಕೊಪ್ಪಲು
೧೪ನೇ ಮಾರ್ಚ್ ೧೯೪೭, ಸಂಜೆ

ಅಂಕಯ್ಯ,

ಈ ಕಾಗದಕ್ಕೆ ಸಭೆಯಿಲ್ಲ. ಕಟ್ಟೆಯ ಮೇಲೂ ಇಲ್ಲ ನಾನು. ಮನೆಯೊಳಗೆ, ಬಾಗಿಲು ಓರೆ ಮಾಡಿಕೊಂಡು ಕೂತಿದ್ದೇನೆ. ಮರಿಯಯ್ಯ ಬೆಲ್ಲದ ಗಾಡಿ ಹೊಡೆದುಕೊಂಡು ಮದ್ದೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ಅವನಿಗೆ ಓದು ಬಾರದು ಎಂಬುದು ಇವತ್ತು ನನಗೊಂದು ಅನುಕೂಲ.

ಹೊರಗೆ ಚಿಕ್ಕಬೋರಯ್ಯ ಬಂದ ಸಂಭ್ರಮ. ಅವನು ಬೀದಿಗೆ ಕಾಲಿಟ್ಟು, ತನ್ನ ಬಾಗಿಲ ಮುಂದೆ ನಿಂತು, ಹೊಸ್ತಿಲನ್ನು ಎರಡು ಕೈಯಿಂದಲೂ ತಡವಿ ನೋಡಿದ. ಮಾಯಮ್ಮ ಒಳಗಿನಿಂದ ಬಂದು “ಏನುಡುಕ್ತಾ ಇದ್ದೀಯೆ? ಮುಳ್ಳಾ?” ಎಂದಳು. ಇಡೀ ಬೀದಿ ನಕ್ಕಿತು. ಅವರಿಬ್ಬರು ಮಾತ್ರ ನಗಲಿಲ್ಲ.

ನಿನಗೆ ಬರೆದ ಮೊದಲನೆಯ ಕಾಗದದಲ್ಲಿ ಒಂದು ಸುಳ್ಳಿದೆ. ಫೋಟೋವನ್ನು ನಾನು ಸುಡಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ತಳದಲ್ಲಿ, ತಿದಿಯ ಕೆಳಗೆ ಇಟ್ಟಿದ್ದೇನೆ. ಎಂಟು ವರ್ಷದಿಂದ ಅದರ ಮೇಲೆಯೇ ರಾಗ ನುಡಿಸಿದ್ದೇನೆ. ಈಗ ಹೊರಗೆ ತೆಗೆದು ಎದುರಿಗಿಟ್ಟುಕೊಂಡಿದ್ದೇನೆ.

ನೋಡಿದವರು ಅಣ್ಣ ತಮ್ಮನ ರಟ್ಟೆಯನ್ನು ಎಷ್ಟು ಅಕ್ಕರೆಯಿಂದ ಹಿಡಿದಿದ್ದಾನೆ ಎನ್ನುತ್ತಾರೆ. ಅವನು ಬೀಳದಿರಲಿ ಎಂದು ಹಿಡಿದಿದ್ದೆ. ಆ ಬೆಳಿಗ್ಗೆಯೇ ಅವನ ಮೈ ಸುಡುತ್ತಿತ್ತು ಅಂಕಯ್ಯ. “ಅಣ್ಣ, ನಾನ್ ಮಲಿಕ್ಕತೀನಿ” ಅಂದ. “ರಾಣಿಯಿಲ್ದೆ ಫೋಟೋ ಏನ್ ಚೆಂದಲಾ? ಒಂದ್ ಗಳಿಗೆ ನಿಂತ್ಕೊ, ಆಮೇಲ್ ಮಲಿಕ್ಕೊ” ಎಂದು ನಾನೇ ಬಣ್ಣ ಹಚ್ಚಿದೆ. ಬಿಸಿಲಿನಲ್ಲಿ ಎರಡು ಗಂಟೆ ನಿಲ್ಲಿಸಿದೆ. ನನ್ನ ಕಿರೀಟ ಸರಿಯಾಗಿ ಬರಲಿ ಎಂದು ನಿನ್ನಿಂದ ಎರಡ್ಮೂರು ಸಲ ಹಿಡಿಸಿದವನೂ ನಾನೇ. ನೀನು ಗಾಜಿನಲ್ಲಿ ಕಂಡದ್ದು ಇದನ್ನೇ. ನಾನು ಗದೆ ಎತ್ತಿದಾಗ ಅದನ್ನು ಒಂದು ಮಾತಿನಲ್ಲಿ ಹೇಳಿದ್ದರೆ ನೂರಾ ಎಂಬತ್ತು ಬಾಯಿ ನನ್ನ ಕಡೆ ತಿರುಗುತ್ತಿದ್ದವು. ನೀನು ಚೂರು ಆಯ್ದುಕೊಂಡು ಹೋದೆ.

ಇಷ್ಟನ್ನು ಬರೆದ ಮೇಲೆ ಎದ್ದು ಒಂದು ಚೊಂಬು ನೀರು ಕುಡಿದು ಬಂದೆ. ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಿದೆ.

ಈಗ ಚಿತ್ರದಲ್ಲಿ ಹೊನ್ನಯ್ಯನ ಮುಖ ನೋಡುತ್ತಿದ್ದೇನೆ. ಜ್ವರದಲ್ಲೂ ಕಣ್ಣು ತೀಡಿದಂತಿವೆ. ಇದೊಂದು ಇಲ್ಲದಿದ್ದರೆ ಅವನ ಮೂಗು ಹೇಗಿತ್ತೆಂಬುದು ನನಗೂ ಮರೆತು ಹೋಗಿರುತ್ತಿತ್ತು.

ಇನ್ನೊಂದು ವಿಷಯ. ಪುಟ್ಟಮಾದಮ್ಮ ಈಗಷ್ಟೇ ಬಾಗಿಲು ತಳ್ಳಿಕೊಂಡು ಬಂದಳು. ನೀನು ಮದ್ದೂರಿನಲ್ಲೇ ಕೂತಿರುವ ಸುದ್ದಿ ಮುಟ್ಟಿದೆ. “ಕರ್ಕಂಬಾಲಾ ಅವುನ್ನ. ಬಿಡ್ತೀನಾ ನಾನು? ಮುಸುಕು ಹಾಕ್ಕಂಡಿರೋ ಪಟ ತೆಗ್ದು ಬೊಂಬಾಯೋರ್ಗೆಲ್ಲ ಮೂಟೆ ಅಂತ ತೋರ್ಸವ್ನೆ. ಮುಖ ಕಾಣಂಗೆ ಒಂದ್ ತೆಗೀಲಿ, ತಲೆ ಬಾಚ್ಕಂಡು ಕುಂತ್ಕತೀನಿ” ಎನ್ನುತ್ತಾಳೆ. ನೀನು ಅವಳ ಫೋಟೋ ಹಿಡಿದು ನಾಲ್ಕು ತಿಂಗಳಾಯಿತು. ಆಯಸ್ಸು ಕರಗುವುದಿರಲಿ, ಮುದುಕಿಗೆ ಹೊಸದಾಗಿ ಒಂದು ಹಲ್ಲು ಬಂದಂತೆ ಮಾತಾಡುತ್ತಾಳೆ. ಅವಳ ಹಿಂದೆ ಮಾಯಮ್ಮನ ಮಕ್ಕಳು, ಅವರ ಹಿಂದೆ ಅರ್ಧ ಊರು, ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆಯುತ್ತಿದ್ದಾರೆ. ಬೀದಿಯ ಎರಡು ಸಾಲಿನಲ್ಲೂ ಒಬ್ಬೊಬ್ಬರು ತಮ್ಮ ತಮ್ಮ ಬಾಗಿಲಲ್ಲಿ ನಿಲ್ಲುತ್ತಾರಂತೆ. ನಾನೂ ನನ್ನ ಬಾಗಿಲಲ್ಲಿ ನಿಲ್ಲುತ್ತೇನೆ. ಕಿರೀಟವಿಲ್ಲದೆ.

ಮಧ್ಯಾಹ್ನದ ರೈಲು ಹತ್ತಬೇಡ. ನಾಳೆ ಬೆಳಿಗ್ಗೆ ಗದೆಯನ್ನು ಗೋಡೆಯಲ್ಲೇ ಬಿಟ್ಟು, ಗಾಡಿ ಕಟ್ಟಿಕೊಂಡು ಮದ್ದೂರಿಗೆ ಬರುತ್ತೇನೆ. ಹಿಂದಿರುಗುವಾಗ ಎತ್ತುಗಳ ಹಗ್ಗ ನೀನು ಹಿಡಿ. ದಾರಿಯೆಲ್ಲ ಗುಂಡಿ. ಕ್ಯಾಮೆರಾ ಕುಲುಕದಂತೆ ನಾನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲೂ ಹಿಡಿದುಕೊಂಡು ಬರುತ್ತೇನೆ.

ನಿನ್ನ
ಕರಿಸಿದ್ದಯ್ಯ